ಕಾಗದಕ್ಕೆ ಶೀತವಾದಾಗ

ಆಫೀಸಿನಲ್ಲಿ ಬಾಸ್ ಬಿಟ್ಟರೆ ಅತಿ ಹೆಚ್ಚು ಬೈಸಿಕೊಳ್ಳುವುದು ಪ್ರಿಂಟರು. ಬಾಸನ್ನು ಬೆನ್ನ ಹಿಂದೆ ಬೈಯುತ್ತಾರೆ, ಪ್ರಿಂಟರನ್ನು ಎದುರಿಗೇ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಎಲ್ಲವೂ ಪರದೆಯ ಮೇಲೇ ಮುಗಿಯುತ್ತದಂತೆ. ಅಲ್ಲಿಂದ ಕೂಗಳತೆಯಲ್ಲಿರುವ ನಮ್ಮ ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದಲ್ಲಿ ಹಾಗಲ್ಲ. ಸರಕು ಹೊರಟಿತೆಂದರೆ ಜಿಎಸ್‌ಟಿ ಇನ್‌ವಾಯ್ಸ್ ಮೂರು ಪ್ರತಿ: ಕೊಂಡವರಿಗೊಂದು, ಲಾರಿಯವರಿಗೊಂದು, ನಮಗೊಂದು. ಜೊತೆಗೆ ಗೇಟ್‌ಪಾಸ್. ಸೆಕ್ಯುರಿಟಿಯವರ ಸೀಲು ಬೀಳದೆ ಒಂದು ಬೋಲ್ಟೂ ಗೇಟು ದಾಟುವುದಿಲ್ಲ.

ನಮ್ಮ ಸ್ಟೋರ್ಸಿನ ಹಿರಿಯರು ಭದ್ರಾವತಿಯವರು. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಯ ಊರು. ಅಲ್ಲಿ ಯಂತ್ರಗಳು ನಿಂತು ವರ್ಷಗಳಾದವು, ಇವರ ಬೆರಳು ಮಾತ್ರ ಕಾಗದವನ್ನು ಮರೆತಿಲ್ಲ. ಪರ್ಚೇಸಿನವರು ಅಗ್ಗಕ್ಕೆ ತರಿಸಿದ ರೀಮನ್ನು ಇವರು ಡಿಸ್‌ಪ್ಯಾಚಿನ ತಕ್ಕಡಿಗೆ ಹಾಕುತ್ತಾರೆ. ಲೆಕ್ಕ ಸರಳ. ಎ4 ಹಾಳೆ ಹದಿನಾರು ಜೋಡಿಸಿದರೆ ಒಂದು ಚದರ ಮೀಟರ್. 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ಆದರೆ ಹಾಳೆಗೆ 5 ಗ್ರಾಂ, 500 ಹಾಳೆಯ ರೀಮಿಗೆ ಎರಡೂವರೆ ಕಿಲೋ. ಮುಳ್ಳು 2.2ರ ಹತ್ತಿರ ನಿಂತರೆ ಅದು 70 ಜಿಎಸ್‌ಎಂ, ಕವರಿನ ಮೇಲೆ ಏನೇ ಬರೆದಿರಲಿ.

ಟ್ರೇಗೆ ಕಾಗದ ತುಂಬುವಾಗ ಅವರನ್ನು ನೋಡಬೇಕು. ಕವರಿನ ಬದಿಯ ಬಾಣದ ಗುರುತು ನೋಡಿ ಯಾವ ಮಗ್ಗುಲು ಮೊದಲು ಎಂದು ತಿಳಿದುಕೊಳ್ಳುತ್ತಾರೆ. ಒಂದು ಹಿಡಿ ಹಾಳೆ ತೆಗೆದು ಬಾಗಿಸಿ ಹೆಬ್ಬೆರಳು ಸಡಿಲಿಸುತ್ತಾರೆ. ಪರ್ರನೆ ಗಾಳಿ ನುಗ್ಗಿ ಅಂಟಿಕೊಂಡದ್ದೆಲ್ಲ ಬಿಡಿಬಿಡಿಯಾಗುತ್ತದೆ. ಮೇಜಿಗೆ ಎರಡು ಸಲ ಕುಟ್ಟಿ ಅಂಚು ಸಮ ಮಾಡಿ, ಟ್ರೇಯ ಗೆರೆಗಿಂತ ಕೆಳಗೇ ನಿಲ್ಲುವಂತೆ ಇಡುತ್ತಾರೆ. ಪಕ್ಕದ ಗೈಡು ತಾಗಬೇಕು, ಒತ್ತಬಾರದು.

ಹೊಸ ಟ್ರೈನಿ ಹುಡುಗನೊಬ್ಬ ಅರ್ಧ ಖಾಲಿಯಾದ ಟ್ರೇಯ ಮೇಲೆ ಹೊಸ ಹಾಳೆ ಹೇರಲು ಹೋದ.

“ಹಳೇದನ್ನೂ ಈಚೆ ತೆಗೀರಿ ಸಾರ್, ಒಟ್ಟಿಗೆ ಕುಟ್ಟಿ ಹಾಕಿ. ಇಲ್ದಿದ್ರೆ ಎರಡೆರಡು ಒಟ್ಟಿಗೆ ಹೋಗ್ತವೆ.”

“ಎರಡೂ ಅದೇ ಕಾಗದ ಅಲ್ವಾ ಅಣ್ಣಾ?”

“ನೀವೂ ನಾನೂ ಒಂದೇ ಕಂಪನಿ. ಹೊಂದ್ಕೊಳ್ಳೋಕೆ ಟೈಮ್ ಹಿಡೀಲಿಲ್ವಾ?”

ಜುಲೈ ಬಂತೆಂದರೆ ಕಾಗದ ಮುನಿಯುತ್ತದೆ. ಅದು ಬಂದದ್ದು ಮರದಿಂದ. ನೀರು ಕುಡಿಯುವ ಚಾಳಿ ಬಿಟ್ಟಿಲ್ಲ. ಕವರು ಬಿಚ್ಚಿಟ್ಟರೆ ಅಂಚು ಥಂಡಿ ಹೀರಿ ಅಲೆಯಲೆಯಾಗುತ್ತದೆ. ಲೇಸರ್ ಪ್ರಿಂಟರಿನೊಳಗೆ 200 ಡಿಗ್ರಿ ಆಸುಪಾಸಿನ ರೋಲರು ಆ ನೀರನ್ನು ಒಮ್ಮೆಗೇ ಆರಿಸಿದಾಗ ಹಾಳೆ ಸುರುಳಿ ಸುತ್ತಿ ನಡುದಾರಿಯಲ್ಲೇ ಕೂರುತ್ತದೆ. ಕಳೆದ ಮಳೆಗಾಲದಲ್ಲಿ ಹೀಗಾದಾಗ ಸರ್ವಿಸಿನವರು ಬಂದು ರೋಲರು ಬದಲಿಸಿ ಬಿಲ್ಲು ಕೊಟ್ಟು ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ರೀಮುಗಳೆಲ್ಲ ಸ್ಟೋರ್ಸಿನ ಒದ್ದೆ ಗೋಡೆಗೆ ಒರಗಿ ನೆಲದ ಮೇಲೇ ನಿಂತಿದ್ದವು.

ನಮ್ಮ ಹಿರಿಯರು ಅವನ್ನೆಲ್ಲ ಎತ್ತಿಸಿ, ಅಕೌಂಟ್ಸಿನ ಎಸಿ ಕೋಣೆಯ ರ‍್ಯಾಕಿನಲ್ಲಿ ಕವರು ಬಿಚ್ಚದೆ ಮಲಗಿಸಿದರು. ಒಂದು ದಿನ ಹವೆಗೆ ಹೊಂದಿಕೊಂಡ ಮೇಲೆಯೇ ಟ್ರೇಗೆ. ಪ್ರಿಂಟರಿಗೆ ಬೈಗುಳ ನಿಂತಿತು. ಆದರೆ ಶೀಟಿನ ಶೆಡ್ಡಿನಡಿ ಕೂರುವ ಸ್ಟೋರ್ಸಿನವರಿಗೆ ಇವತ್ತಿಗೂ ಗೋಡೆ ಫ್ಯಾನೇ ಗತಿ. ನ್ಯಾಯವೇ ಎಂದು ಕೇಳಿದೆ.

“ಅದು ಸುರುಳಿ ಸುತ್ಕೊಂಡು ಕೂತು ಇನ್‌ವಾಯ್ಸ್ ನಿಲ್ಲಿಸ್ತು, ಎಸಿ ಸಿಕ್ತು. ನಾವು ಚಪ್ಪಟೆಯಾಗಿ ಕೆಲಸ ಮಾಡ್ತಾನೇ ಇದ್ದೀವಲ್ಲ ಸಾರ್,” ಅಂದರು.