‘ಯುದ್ಧನೌಕೆ ಅಂದವರು ಯಾರು?’

ಜಪಾನಿನ ಯೊಕೊಸುಕಾ ಬಂದರಿನಲ್ಲಿ ಹಗ್ಗ ಬಿಗಿಸಿಕೊಂಡು ನಿಂತಿದ್ದ ಯಾಮಾಗಿರಿ ಹಡಗು ಮಾತಿಗೆ ಸಿಕ್ಕಿತು. 137 ಮೀಟರ್ ಉದ್ದದ ಬೂದು ಮೈ, 1989ರಿಂದ ಸೇವೆ. ಹೆಸರಿನ ಅರ್ಥ ಮಲೆಯ ಮಂಜು. ಆ ದಿನ ಶುಕ್ರವಾರ.

ಪ್ರಶ್ನೆ: ಯುದ್ಧನೌಕೆಯಾಗಿ ತಮ್ಮ ಅನುಭವ...

ಯಾಮಾಗಿರಿ: ತಡೀರಿ, ಯುದ್ಧನೌಕೆ ಅಂದವರು ಯಾರು? ನಾನು ‘ಗೋಯೆಕಾನ್’, ಬೆಂಗಾವಲು ಹಡಗು. ಯುದ್ಧವನ್ನು ನಾವು 1947ರ ಸಂವಿಧಾನದ 9ನೇ ವಿಧಿಯಲ್ಲೇ ಬಿಟ್ಟಾಯಿತು. ನಮ್ಮದು ನೌಕಾಪಡೆಯೂ ಅಲ್ಲ, ಸಾಗರ ಸ್ವರಕ್ಷಣಾ ಪಡೆ.

ಪ್ರಶ್ನೆ: ಮತ್ತೆ ಮುಂದುಗಡೆ ಆ ಫಿರಂಗಿ?

ಯಾಮಾಗಿರಿ: ಅದೂ ಬೆಂಗಾವಲಿಗೇ.

ಪ್ರಶ್ನೆ: ಇರಲಿ. 2016ರ ಫೆಬ್ರವರಿಯಲ್ಲಿ ಮಿಹೊ ಓತಾನಿ ನಿಮ್ಮ ಕಪ್ತಾನರಾದರು. ಹೆಣ್ಣು ಕಪ್ತಾನ! ಏನನ್ನಿಸಿತು?

ಯಾಮಾಗಿರಿ: ಎಡಕ್ಕೆ ಅಂದರು, ಎಡಕ್ಕೆ ಹೊರಳಿದೆ. ಹಿಂದಿನ ಕಪ್ತಾನರು ಬಂದಾಗ ‘ಗಂಡು ಕಪ್ತಾನ, ಏನನ್ನಿಸಿತು’ ಅಂತ ಕೇಳೋಕೆ ಒಬ್ಬರೂ ಬರಲಿಲ್ಲವಲ್ಲ! ಇಂಗ್ಲಿಷಿನವರು ನೋಡಿ, ಹಡಗನ್ನು ತಲೆತಲಾಂತರದಿಂದ ‘ಅವಳು’ ಅಂತಲೇ ಮುದ್ದು ಮಾಡಿದರು. ಬ್ರಿಟನ್ನಿನಲ್ಲಿ ಮುಂಚೂಣಿಯ ಯುದ್ಧನೌಕೆಯೊಂದರ ಹೊಣೆ ನಿಜವಾದ ಅವಳಿಗೆ ಸಿಕ್ಕಿದ್ದು ಮಾತ್ರ 2012ರಲ್ಲಿ. ನೀವು ಕನ್ನಡದವರೇ ವಾಸಿ, ‘ಅದು’ ಅಂದು ಸುಮ್ಮನಾದಿರಿ.

ಪ್ರಶ್ನೆ: ನಿಮ್ಮಲ್ಲಿ ಯಾಕೆ ಇಷ್ಟು ತಡ?

ಯಾಮಾಗಿರಿ: ರಕ್ಷಣಾ ಅಕಾಡೆಮಿ ಹುಡುಗಿಯರಿಗೆ ಬಾಗಿಲು ತೆರೆದದ್ದು 1992ರಲ್ಲಿ. ಓತಾನಿ ಆ ಮೊದಲ ತಂಡದವರೇ, 1996ರಲ್ಲಿ ಓದು ಮುಗಿಸಿದರು. ನಮ್ಮಂಥ ಹಡಗುಗಳ ಮೇಲೆ ಹೆಂಗಸರಿಗಿದ್ದ ನಿಷೇಧ ತೊಲಗಿದ್ದು 2008ರಲ್ಲಿ. ಜಲಾಂತರ್ಗಾಮಿಗಳಲ್ಲಂತೂ ಖಾಸಗಿತನಕ್ಕೆ ಜಾಗವಿಲ್ಲ ಅಂತ 2018ರವರೆಗೂ ಅಗುಳಿ ಹಾಕಿಕೊಂಡಿದ್ದರು. ನೀರಿನಡಿ ವಾರಗಟ್ಟಲೆ ಉಸಿರಾಡೋ ಉಪಾಯ ಹುಡುಕಿದವರಿಗೆ ಒಂದು ಅಡ್ಡಗೋಡೆ ಎಬ್ಬಿಸೋ ಉಪಾಯ ಹೊಳೆದಿರಲಿಲ್ಲ.

(ಅಡುಗೆಮನೆಯಿಂದ ಘಮ್ಮನೆ ವಾಸನೆ. ಶುಕ್ರವಾರ ಈ ಪಡೆಯ ಹಡಗುಗಳಲ್ಲಿ ಊಟಕ್ಕೆ ಅನ್ನ, ಅದರ ಮೇಲೆ ಗಟ್ಟಿ ಕರಿ. ದಿನವೂ ಬರೀ ನೀರು ನೋಡುವವರಿಗೆ ವಾರ ಮರೆಯಬಾರದಲ್ಲ.)

ಪ್ರಶ್ನೆ: ಕೊನೆಯ ಮಾತು. ಅಂತೂ ಸಮಾನತೆ ಬಂತು ಅನ್ನಿ?

ಯಾಮಾಗಿರಿ: ಅದಕ್ಕೂ ‘ಗೋಯೆಕಾನ್’ ಥರ ಒಂದು ಹೆಸರಿಟ್ಟುಬಿಡಿ, ಮುಗೀತು. ಲೆಕ್ಕ ಬೇಕಾದರೆ ಬರೆದುಕೊಳ್ಳಿ. 2018ರ ಮಾರ್ಚಿನಲ್ಲಿ ರ‍್ಯೋಕೊ ಅಜುಮಾ ಒಂದನೇ ಬೆಂಗಾವಲು ದಳದ ಮುಖ್ಯಸ್ಥೆಯಾದರು. ನಾಲ್ಕು ಹಡಗು, ಅದರಲ್ಲಿ 248 ಮೀಟರಿನ ಇಜುಮೊ ಕೂಡ. ಕೈಕೆಳಗೆ ಸುಮಾರು 1,000 ಸಿಬ್ಬಂದಿ. ಹೆಂಗಸರು 30.