ಕುರುಗೋಡಿನಲ್ಲಿ ಸಾಷ್ಟಾಂಗ

ಕಾರು ಪೂರ್ತಿ ಸತ್ತರೆ ನನಗೆ ದುಃಖವಿಲ್ಲ. ಕೀಲಿ ತಿರುವಿದಾಗ 'ಟಿಕ್' ಎಂದು ಸುಮ್ಮನಾದರೆ ಬ್ಯಾಟರಿ ಹೋಗಿದೆ ಎಂದು ಗೊತ್ತಾಗುತ್ತದೆ. ಬೈದು, ಬಾಗಿಲು ಹಾಕಿ, ಬಸ್ಸು ಹತ್ತಬಹುದು. 'ಕುರ್ ಕುರ್ ಕುರ್' ಎಂದು ಹುರುಪಿನಿಂದ ತಿರುಗಿ, ಇನ್ನೇನು ಹತ್ತಿತು ಎಂಬ ಆಸೆ ಹುಟ್ಟಿಸಿ, ಕೊನೆಗೂ ಹತ್ತದ ಕಾರು ಮಾತ್ರ ಬಲು ಕೆಟ್ಟದ್ದು. ಸಾಲ ಕೊಡುತ್ತೇನೆ, ಸಂಜೆ ಬಾ ಎಂದು ದಿನಾ ಹೇಳುವ ನೆಂಟನ ಜಾತಿ ಅದು.

ಅಂಥ ಕಾರಿನ ಎದುರು ನಾನು ನಿಂತದ್ದು ಕುರುಗೋಡಿನಲ್ಲಿ, ಮೇ ತಿಂಗಳಿನಲ್ಲಿ. ಬಳ್ಳಾರಿ ಸೀಮೆಯ ಮೇ ಎಂದ ಮೇಲೆ ಡಿಗ್ರಿ ಹೇಳುವ ಅಗತ್ಯವಿಲ್ಲ. ಹೆಂಡತಿಯ ಕಡೆಯವರ ಮದುವೆ. ಊಟ ಮುಗಿದಿತ್ತು. ದೊಡ್ಡಬಸವೇಶ್ವರನ ಗುಡಿಯ ಹತ್ತಿರದ ಬೀದಿಯಲ್ಲಿ ನಿಲ್ಲಿಸಿದ್ದ ಕಾರು ಹತ್ತಿ, ಜೇಬಿನಿಂದ ಕೀಲಿ ತೆಗೆದು ತಿರುವಿದೆ. ಕುರ್ ಕುರ್ ಕುರ್. ಮತ್ತೆ ತಿರುವಿದೆ. ಮತ್ತೆ ಅದೇ.

"ಬೆಳಿಗ್ಗೆ ನಾ ಓಡಿಸಿಕೊಂಡು ಬಂದಾಗ ಚೆನ್ನಾಗೇ ಇತ್ತಲ್ಲ" ಎಂದು ನನ್ನವಳು ಕಿಟಕಿಯ ಹೊರಗಿನಿಂದ ಅಂದು, ಫೋಟೋಕ್ಕೆ ಕರೆದರೆಂದು ಹೊರಟುಹೋದಳು. ಹೆಂಡಂದಿರ ಇಂಥ ಮಾತಿನಲ್ಲಿ ಮಾಹಿತಿ ಇರುವುದಿಲ್ಲ, ಆರೋಪವಷ್ಟೇ ಇರುತ್ತದೆ ಎಂದು ಆಗ ನಾನು ತಿಳಿದಿದ್ದೆ.

ಸತ್ಯ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ನಾಲ್ಕು ತಿಂಗಳಿಂದ ರಾತ್ರಿ ನಿದ್ದೆಗೆಟ್ಟು ಮೊಬೈಲಿನಲ್ಲಿ ಇಂಜಿನ್ ರಿಪೇರಿಯ ವಿಡಿಯೋ ನೋಡಿದ್ದೆ. ಕಾರಿಗೆ ರೋಗ ಬರಲಿ ಎಂದು ಹೊಸ ಡಾಕ್ಟರನ ಹಾಗೆ ಕಾದಿದ್ದೆ. ಸೆಲ್ಫ್ ಹೊಡೆಯುತ್ತದೆ, ಅಂದರೆ ಬ್ಯಾಟರಿಯೂ ಸ್ಟಾರ್ಟರ್ ಮೋಟಾರೂ ಸರಿ ಇವೆ. ಇಂಜಿನ್ ಹತ್ತಬೇಕಾದರೆ ಇನ್ನು ಬೇಕಾದದ್ದು ಪೆಟ್ರೋಲು, ಗಾಳಿ, ಕಿಡಿ ಮತ್ತು ಸಿಲಿಂಡರಿನ ಒತ್ತಡ, ಎಲ್ಲವೂ ತಕ್ಕ ಗಳಿಗೆಯಲ್ಲಿ. ಒಂದೊಂದನ್ನೇ ಪರೀಕ್ಷಿಸಿ ಬಿಟ್ಟುಕೊಂಡು ಹೋದರೆ ಕಳ್ಳ ಸಿಕ್ಕಿಬೀಳುತ್ತಾನೆ. ನಾನು ಕಾರಿನಿಂದಿಳಿದು ಅಂಗಿಯ ತೋಳು ಮಡಿಚಿದೆ. ರೇಷ್ಮೆ ಅಂಗಿ.

ತೋಳು ಮಡಿಚಿದ್ದೇ ತಪ್ಪಾಯಿತು, ಜನ ಸೇರಿದರು. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಸಿಂದರು ಆಳಿದ ಊರು ಇದು. ಹಾಗೆ ಮೆರೆದದ್ದು ಆಮೇಲೆ ಶತಮಾನಗಟ್ಟಲೆ ಕಾದು, ಮೊನ್ನೆ ಮೊನ್ನೆ ತಾಲ್ಲೂಕಾಯಿತು. ಕಾಯುವುದು ಗೊತ್ತಿರುವ ಊರಿಗೆ ನಿಂತು ನೋಡುವುದೂ ಗೊತ್ತು. ಒಬ್ಬ ತರುಣ, ಇದು ಪೆಟ್ರೋಲಿನಲ್ಲಿ ಬೆರೆಸುವ 20 ಪರ್ಸೆಂಟ್ ಎಥನಾಲಿನ ಕೆಲಸ ಎಂದು ತೀರ್ಪು ಕೊಟ್ಟ. ಈಚೆಗೆ ಕಾರು ಕೆಟ್ಟರೂ, ಮೈಲೇಜು ಬಿದ್ದರೂ, ಮನೆಯಲ್ಲಿ ಹಾಲು ಒಡೆದರೂ ಎಥನಾಲೇ ಕಾರಣ. ಇನ್ನೊಬ್ಬ, ಎಲೆಕ್ಟ್ರಿಕ್ ಕಾರು ತಗೋಬೇಕಿತ್ತು ಸಾರ್, ಎಂದ. ನಡುಬೀದಿಯಲ್ಲಿ ಕಾರು ನಿಂತವನಿಗೆ ಬೇರೆ ಕಾರು ಕೊಳ್ಳಬೇಕಿತ್ತು ಎನ್ನುವವರನ್ನು ಏನು ಮಾಡಬೇಕೆಂದು ಮೋಟಾರು ಕಾಯಿದೆಯಲ್ಲಿ ಇಲ್ಲ.

ನಿವೃತ್ತ ಡ್ರೈವರೊಬ್ಬರು ಮಾತ್ರ ಆಡದೆ ಮಾಡುವವರು. ಟವೆಲನ್ನು ನಲ್ಲಿಯಲ್ಲಿ ನೆನೆಸಿ ತಂದು, "ಪೆಟ್ರೋಲ್ ಪಂಪು ಎಲ್ಲೈತೆ ತೋರಿಸ್ರಿ, ಹೊದಿಸ್ತೀನಿ" ಎಂದರು. ಅವರ ವಿದ್ಯೆ ಸುಳ್ಳಲ್ಲ. ಅಂಬಾಸಿಡರ್, ಫಿಯೆಟ್ ಕಾಲದಲ್ಲಿ ಪಂಪು ಇಂಜಿನ್ನಿನ ಪಕ್ಕೆಗೇ ಅಂಟಿಕೊಂಡಿರುತ್ತಿತ್ತು. ಬೇಸಿಗೆಯಲ್ಲಿ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ, ಪಂಪು ಆವಿಯನ್ನೇ ಕುಡಿದು ಕೂರುತ್ತಿತ್ತು. ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ಬೀಡಿ ಸೇದಿದರೆ ಗಾಡಿ ಎದ್ದುಬಿಡುತ್ತಿತ್ತು. ಈಗಿನ ಕಾರಿನಲ್ಲಿ ಪಂಪು ಟ್ಯಾಂಕಿನ ಒಳಗೇ ಪೆಟ್ರೋಲಿನಲ್ಲಿ ಮುಳುಗಿ ಕೂತಿರುತ್ತದೆ ಎಂದು ನಾನು ವಿವರಿಸಿದೆ. ಅವರು ನನ್ನನ್ನು ಕರುಣೆಯಿಂದ ನೋಡಿ, ಟವೆಲನ್ನು ತಮ್ಮ ತಲೆಗೇ ಹೊದ್ದುಕೊಂಡರು. ಆ ಮಧ್ಯಾಹ್ನ ಯಾರಾದರೂ ಮಾಡಿದ ಬುದ್ಧಿವಂತ ಕೆಲಸ ಅದೊಂದೇ.

ಈಗ ಆ ಪಂಪಿನ ಪರೀಕ್ಷೆ. ಕೀಲಿಯನ್ನು ಪೂರ್ತಿ ತಿರುವದೆ 'ಆನ್' ವರೆಗೆ ತಂದರೆ ಪಂಪು ಎರಡು ಸೆಕೆಂಡು 'ಗುಂಯ್' ಎನ್ನುತ್ತದೆ. ಅಂದರೆ ಪಂಪು ಸರಿ. ಅನ್ನದಿದ್ದರೆ ಫ್ಯೂಸು, ರಿಲೇ ನೋಡಬೇಕು, ಇಲ್ಲವೇ ಪಂಪೇ ಹೋಗಿದೆ. ಟ್ಯಾಂಕು ಇರುವುದು ಹಿಂದಿನ ಸೀಟಿನ ಕೆಳಗೆ. ಅಲ್ಲಿ ಕಿವಿಯಿಟ್ಟರೆ ಮುಗಿಯಿತು. ಆದರೆ ಹಿಂದಿನ ಸೀಟಿನ ಮೇಲೆ ನನ್ನವಳ ಚಿಕ್ಕತ್ತೆ ಕೂತಿದ್ದರು. ಬಳ್ಳಾರಿಯವರೆಗೆ ಬರುವವರು, ಊಟವಾದ ಕೂಡಲೇ ಸೀಟು ಹಿಡಿದಿದ್ದರು. ಎಡಬಲಕ್ಕೆ ಬುಂದೆಲಾಡಿನ ಡಬ್ಬಿ, ಮಡಿಲಲ್ಲಿ ತಾಂಬೂಲದ ಚೀಲಗಳ ಗುಡ್ಡೆ.

"ಚಿಕ್ಕತ್ತೀ, ಒಂದು ನಿಮಿಷ ಇಳೀರಿ."

"ನಾ ಇಳಿಯಂಗಿಲ್ಲಪ್ಪ. ಇಳಿದ್ರೆ ಯಾರಾನಾ ಕುಂತುಬಿಡ್ತಾರೆ."

ಓಡದ ಕಾರಿನಲ್ಲಿ ಯಾರು ಕೂರುತ್ತಾರೆ ಎಂದು ಕೇಳಲು ಧೈರ್ಯ ಸಾಲಲಿಲ್ಲ. ಕಾರಿನ ಹಿಂದೆ ಹೋಗಿ ರೇಷ್ಮೆ ಅಂಗಿಯಲ್ಲೇ ನೆಲಕ್ಕೆ ಬೋರಲು ಮಲಗಿ, ತಲೆಯನ್ನು ಟ್ಯಾಂಕಿನ ಕೆಳಗೆ ತೂರಿಸಿದೆ. ಸ್ಟೇರಿಂಗ್ ಹತ್ತಿರ ಭಾವಮೈದುನನನ್ನು ಕೂರಿಸಿದ್ದೆ. "ಆನ್ ಮಾಡು!" ಎಂದೆ. ಗುಂಯ್ ಎಂದಿತು. ಎರಡು ಸೆಕೆಂಡು ಕಳೆಯಿತು, ಮೂರಾಯಿತು, ಹತ್ತಾಯಿತು, ಗುಂಯ್ ನಿಲ್ಲಲಿಲ್ಲ. ಎದುರಿನ ಹಿಟ್ಟಿನ ಗಿರಣಿ ಅದು.

"ಮಾಮಾ, ಗಿರಣಿ ಬಂದ್ ಮಾಡಿಸ್ಲಾ?" ಎಂದ ಭಾವಮೈದುನ. ಮಾಡಿಸಿದ. ಯಾರದೋ ಜೋಳ ಅರ್ಧ ಬೀಸಿದಲ್ಲಿಗೆ ನಿಂತಿತು. ಗಿರಣಿ ನಿಂತ ಮೇಲೆ ಮದುವೆ ಮನೆಯ ಮೈಕು ಕೇಳಿಸತೊಡಗಿತು. ಹುಡುಗನೊಬ್ಬ ಓಡಿಹೋಗಿ ಅದನ್ನೂ ನಿಲ್ಲಿಸಿದ. ಮೈಕು ನಿಂತ ಮೇಲೆ ಬ್ಯಾಂಡಿನವರು ವಿರಾಮದಲ್ಲಿ ಊದಿ ನೋಡುತ್ತಿದ್ದ ಕ್ಲಾರಿಯೊನೆಟ್ ಎದ್ದು ಬಂತು. ಅವರಿಗೂ ಕೈಮುಗಿದರು. ಮೆಣಸಿನಕಾಯಿ ಚೀಲ ಹೇರಿದ ಟ್ರ್ಯಾಕ್ಟರ್ ಒಂದು ಬಂತು, ಅದರ ಇಂಜಿನ್ ಆರಿಸಿದರು. ಯಾಕೆಂದು ಟ್ರ್ಯಾಕ್ಟರಿನವನು ಕೇಳಿದ್ದಕ್ಕೆ, "ಸಾರು ಕೇಳಾಕತ್ಯಾರೆ" ಎಂದು ಯಾರೋ ಭಯಭಕ್ತಿಯಿಂದ ಉತ್ತರಿಸಿದ್ದು ನನಗೆ ಕೆಳಗೆ ಕೇಳಿಸಿತು. ನೆಲ ಕಾದ ಹೆಂಚಾಗಿತ್ತು, ಎದೆ ರೊಟ್ಟಿಯಾಗುತ್ತಿತ್ತು. ಆದರೂ ನನ್ನೊಬ್ಬನ ಕಿವಿಗಾಗಿ ಒಂದು ಊರು ಉಸಿರು ಬಿಗಿಹಿಡಿದ ಆ ಗಳಿಗೆಯ ಸುಖವನ್ನು ನಾನು ಅಲ್ಲಗಳೆಯಲಾರೆ. ಸಿಂದರ ಅರಸರಿಗಾದರೂ ಅಂಥ ನಿಶ್ಶಬ್ದ ಸಿಕ್ಕಿತ್ತೋ ಇಲ್ಲವೋ.

"ಆನ್!" ಎಂದೆ.

ನನ್ನ ಪ್ಯಾಂಟಿನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಯಾವುದೋ ಬ್ಯಾಂಕಿನವರು, ಕಾರು ಸಾಲ ಬೇಕಾ ಎಂದು.

ಗಿರಣಿಯವನು ಜೋರಾಗಿ ಕೆಮ್ಮಿದ. ಮತ್ತೊಮ್ಮೆ ಮೌನವಾಯಿತು. ಅಷ್ಟರಲ್ಲಿ ಗುಡಿಗೆ ಹೊರಟಿದ್ದ ಅಜ್ಜಿಯೊಬ್ಬಳು ನನ್ನ ಕಾಲ ಹತ್ತಿರ ನಿಂತಳು. ನನ್ನ ತಲೆಯಿದ್ದ ದಿಕ್ಕು ಸರಿಯಾಗಿ ದೊಡ್ಡಬಸವಣ್ಣನ ದಿಕ್ಕು. ಒಂದೇ ಕಲ್ಲಿನಲ್ಲಿ ಕಡೆದ, ಗುಡಿ ತುಂಬ ಕೂತಿರುವ, ಎಂದೂ ಯಾರ ಅವಸರಕ್ಕೂ ಎದ್ದವನಲ್ಲದ ಬಸವಣ್ಣ. "ನಡುಬಿಸಿಲಾಗೆ ಸಾಷ್ಟಾಂಗ ಹಾಕ್ಯಾನ ನೋಡ್ರಿ. ಭಕ್ತಿ ಅಂದ್ರೆ ಹಿಂಗಿರಬೇಕು" ಎಂದು ತನ್ನ ಮೊಮ್ಮಕ್ಕಳಿಗೆ ತೋರಿಸಿ, ನನ್ನ ಹಿಮ್ಮಡಿ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಳು.

ಆಗ ಕಾರಿನೊಳಗಿಂದ ಚಿಕ್ಕತ್ತೆಯ ದನಿ ಬಂತು. "ಏನಪ್ಪಾ ನೀ ಕೇಳಾಕತ್ತಿರೋದು? ಗುಂಯ್ ಅನ್ನೋದಾ? ಅವಾಗಿಂದ ಕೀಲಿ ತಿರುವಿದಾಗೆಲ್ಲಾ ನನ್ನ ಕುಂಡಿ ಕೆಳಗೆ ಅಂತಾನೇ ಐತಲ್ಲ!"

ಪಂಪು ಸರಿ ಇತ್ತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಅದರಲ್ಲಿ ಘನತೆಯಿಲ್ಲ. ಪ್ಲಗ್ಗು ಬಿಚ್ಚಿ ಕಿಡಿ ನೋಡಲು ಪಾನಾ ಇರಲಿಲ್ಲ. ಮೆಕ್ಯಾನಿಕ್ಕು ನಮ್ಮದೇ ಮದುವೆಯಲ್ಲಿ ಕೊನೆಯ ಪಂಕ್ತಿಗೆ ಕೂತಿದ್ದ. ಇಂಜಿನ್ನಿಗೆ ಪೆಟ್ರೋಲು ಹೋಗುತ್ತಿದ್ದರೆ ಸೈಲೆನ್ಸರಿನಲ್ಲಿ ವಾಸನೆ ಬರಬೇಕು. ಮೂಗಿಟ್ಟು ನೋಡಿದೆ, ಪಕ್ಕದ ಅಂಗಡಿಯ ಮಿರ್ಚಿ ಕರಿಯುವ ವಾಸನೆ ಬಂತು. ಎರಡನೇ ಗೇರಿನಲ್ಲಿಟ್ಟು ಆರು ಜನ ನೂಕಿದರು. ಕಾರು ಜಗ್ಗಿ ಜಗ್ಗಿ ನಿಂತಿತು. ಚಿಕ್ಕತ್ತೆ ಇಳಿಯಲಿಲ್ಲ.

ಇಷ್ಟೂ ಹೊತ್ತು ನಮ್ಮ ಮಾವನವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ನಾನು ಬೆವರೊರೆಸುತ್ತ ಪಕ್ಕದಲ್ಲಿ ಕೂತೆ. ಸುಮ್ಮನಿರಲಾರದೆ, ಈ ಸೆಲ್ಫ್ ಸ್ಟಾರ್ಟರನ್ನು ಮಾಡಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್, 1912ರ ಕ್ಯಾಡಿಲಾಕ್ ಕಾರಿಗೆ ಮೊದಲು ಬಂತು, ಅದಕ್ಕೂ ಮುಂಚೆ ಕೈಯಲ್ಲಿ ಹ್ಯಾಂಡಲ್ ಹೊಡೆಯಬೇಕಿತ್ತು, ಇಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು ಎಂದೆಲ್ಲ ಒದರಿದೆ. ಅವರು ಬಲಗೈ ಮುಂದೆ ಚಾಚಿದರು. ಮಣಿಕಟ್ಟಿನ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಇಪ್ಪತ್ತು ವರ್ಷದಿಂದ ಆ ಕೈಗೆ ನಮಸ್ಕಾರ ಮಾಡಿದ್ದೇನೆ, ನೋಡಿರಲಿಲ್ಲ.

"ಆಯಿಲ್ ಇಂಜಿನ್ನು" ಎಂದರು. "ಕಾಲುವೆ ನೀರು ಕೊನೆ ಹೊಲದ ತನಕ ಬರಲಿಲ್ಲ ಆ ವರ್ಷ. ಮೆಣಸಿನ ಗಿಡಕ್ಕೆ ಅಂತ ಹಳ್ಳಕ್ಕೆ ಇಂಜಿನ್ ಇಟ್ಟಿದ್ದೆ. ನಾನೂ ಹಿಂಗೇ ನಾಲ್ಕು ತಾಸು ಹೊಡೆದೆ ಅಳಿಯಂದ್ರೇ. ನೋಡಾಕೆ ಯಾರೂ ಇದ್ದಿದ್ದಿಲ್ಲ."

ಮೆಣಸಿನ ಗಿಡ ಏನಾಯಿತು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಎದುರಿಗೆ ಗಿರಣಿ ಮತ್ತೆ ಶುರುವಾಗಿತ್ತು.

ಅಷ್ಟರಲ್ಲಿ ಮುಂದಿನ ಸೀಟಿಗೆ ಹತ್ತಿ ಕೂತಿದ್ದ ಭಾವಮೈದುನನ ಆರು ವರ್ಷದ ಮಗಳು ಕೂಗಿದಳು: "ಮಾಮಾ, ಇಲ್ಲೊಂದು ಕೀಲಿಕೈ ದೀಪ ಮಿಣುಕು ಮಿಣುಕು ಅಂತೈತೆ."

ಮೀಟರಿನ ಮೂಲೆಯಲ್ಲಿ ಕೀಲಿಕೈ ಗುರುತಿನ ದೀಪ ಮಿಣುಕುತ್ತಿತ್ತು. ಕೀಲಿಯ ತಲೆಯೊಳಗೆ ಅಕ್ಕಿಕಾಳಿನಂಥ ಒಂದು ಚಿಪ್ ಇರುತ್ತದೆ. ಅದರ ಗುರುತು ಹತ್ತಿದರೆ ಮಾತ್ರ ಕಾರಿನ ಕಂಪ್ಯೂಟರು ಇಂಜಿನ್ನಿಗೆ ಪೆಟ್ರೋಲನ್ನೂ ಕಿಡಿಯನ್ನೂ ಬಿಡುತ್ತದೆ. ಗುರುತು ಹತ್ತದಿದ್ದರೆ ನಮ್ಮ ಕಾರು ಬೇಕಾದಷ್ಟು ಸೆಲ್ಫ್ ಹೊಡೆಯುತ್ತದೆ, ಹತ್ತುವುದಿಲ್ಲ. ಕಳ್ಳನಿಗೆ ಮಾಡಿದ ಏರ್ಪಾಡು. ಒಂದೊಂದನ್ನೇ ಬಿಟ್ಟುಕೊಂಡು ಹೋದರೆ ಕಳ್ಳ ಸಿಕ್ಕಿಬೀಳುತ್ತಾನೆ ಎಂದೆನಲ್ಲ, ಸಿಕ್ಕಿಬಿದ್ದ.

ನನ್ನ ಜೇಬಿನಲ್ಲಿದ್ದದ್ದು ಬಳ್ಳಾರಿಯಲ್ಲಿ ಮಾಡಿಸಿದ ಡೂಪ್ಲಿಕೇಟ್ ಕೀಲಿ. ಚಿಪ್ ಹಾಕಿಸಲು ಸಾವಿರಾರು ರೂಪಾಯಿ ಎಂದಾಗ, ಬೇಡ, ಬರೀ ತಗಡು ಕತ್ತರಿಸು ಎಂದು 250 ರೂಪಾಯಿ ಕೊಟ್ಟಿದ್ದೆ. ಕೀಲಿ ಮಾಡುವವನು, "ಇದು ಬಾಗಿಲು, ಡಿಕ್ಕಿಗಷ್ಟೇ ಸಾರ್, ಗಾಡಿ ಹತ್ತಂಗಿಲ್ಲ" ಎಂದು ಎರಡು ಸಲ ಹೇಳಿದ್ದ. ಅಸಲಿ ಕೀಲಿ ಬೆಳಿಗ್ಗೆ ಕಾರು ಓಡಿಸಿದವಳ ವ್ಯಾನಿಟಿ ಬ್ಯಾಗಿನಲ್ಲಿತ್ತು.

ಫೋಟೋ ಮುಗಿಸಿ ಬಂದವಳು ಏನೂ ಕೇಳದೆ ಸ್ಟೇರಿಂಗ್ ಮುಂದೆ ಕೂತು ತಿರುವಿದಳು. ಒಂದೇ 'ಕುರ್'ಗೆ ಹತ್ತಿತು. ಜನ ಚಪ್ಪಾಳೆ ತಟ್ಟಿದರು. ನಿವೃತ್ತ ಡ್ರೈವರು, "ತಣ್ಣಗಾಗಿತ್ತು, ಅದಕ್ಕೇ ಹತ್ತಿತು" ಎಂದು ಗಂಭೀರವಾಗಿ ತಲೆದೂಗಿದರು. ನಾನು ಅವರ ಮಾತನ್ನು ಒಪ್ಪಿದೆ.

ನೀವು ಕುರುಗೋಡಿಗೆ ಹೋದರೆ ದೊಡ್ಡಬಸವಣ್ಣನಿಗೆ ತಪ್ಪದೆ ಕೈಮುಗಿಯಿರಿ. ಎದುರಿನ ಗಿರಣಿಯವನ ಹತ್ತಿರ ಮಾತ್ರ ನನ್ನ ಪರಿಚಯ ಇದೆ ಎಂದು ಹೇಳಬೇಡಿ.