ಗುಂಡನ ಖಾತೆ

ಬ್ಯಾಂಕಿನಿಂದ ನಿವೃತ್ತರಾದವರು ಹಾರ, ಶಾಲಿನ ಜೊತೆಗೆ ಬ್ಯಾಂಕನ್ನೂ ಮನೆಗೆ ತಂದುಬಿಡುತ್ತಾರೆ. ನಮ್ಮ ಬೀದಿಯ ರಾಯರಿಗೆ ಲೆಕ್ಕವಿಡಲು ಸಿಕ್ಕಿದವನು ಗುಂಡ. ಏಳು ಕಿಲೋ ತೂಗುವ, ಆಪರೇಷನ್ ಆದ, ಸೋಫಾ ಬಿಟ್ಟಿಳಿಯದ ಗಂಡುಬೆಕ್ಕು. ಬೆಕ್ಕುಗಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿ ಹಿಡಿಯುವುದು ಇಂಥ ಸುಖಪುರುಷರನ್ನೇ. ಸದಾ ನೀರು ಕುಡಿಯುತ್ತ, ಎಷ್ಟು ತಿಂದರೂ ಇಳಿದುಹೋಗುತ್ತಿದ್ದವನಿಗೆ ಡಾಕ್ಟರು 12 ಗಂಟೆಗೊಮ್ಮೆ ಒಂದು ಯೂನಿಟ್ ಇನ್ಸುಲಿನ್ ಬರೆದುಕೊಟ್ಟರು.

ಅಂದೇ ಮನೆಯಲ್ಲಿ ಶಾಖೆ ತೆರೆಯಿತು. ವ್ಯವಹಾರದ ವೇಳೆ ಬೆಳಿಗ್ಗೆ ಏಳು, ಸಂಜೆ ಏಳು. ರಿಸೆಪ್ಷನ್‌ಗೆ ಹೋದರೆ ರಾಯರು ವಧೂವರರು ಬರುವ ಮೊದಲೇ ಖಾಲಿ ವೇದಿಕೆಗೆ ಅಕ್ಷತೆ ಹಾಕಿ ಹೊರಟಿರುತ್ತಾರೆ. ಫ್ರಿಜ್ಜಿನ ಮೇಲೊಂದು ರಿಜಿಸ್ಟರ್: ಹೊತ್ತು, ತಿಂದದ್ದೆಷ್ಟು, ಯೂನಿಟ್, ಸಹಿ, ಮೇಲುಸಹಿ. ಮೇಲುಸಹಿ ಹೆಂಡತಿಯದು. "ಬ್ಯಾಂಕಿಗೆ ಡಬಲ್ ಎಂಟ್ರಿ ಧರ್ಮ ಕಣೇ, ಇನ್ಸುಲಿನ್‌ಗೆ ಅದೇ ಯಮ."

ಮೆಡಿಕಲ್ ಶಾಪಿನ ಹುಡುಗ ಒಮ್ಮೆ "ಎಲ್ಲಾ ಒಂದೇ ಸಾರ್" ಅಂತ ಕೆಂಪು ಕ್ಯಾಪಿನ ಸಿರಿಂಜ್ ಕೊಟ್ಟ. ಅದು ಮಿಲಿಗೆ 40 ಯೂನಿಟ್ ಇರುವ ಇನ್ಸುಲಿನ್‌ನದು, ಗುಂಡನ ಬಾಟಲಿ 100ರದ್ದು, ಅದಕ್ಕೆ ಕಿತ್ತಳೆ ಕ್ಯಾಪೇ ಆಗಬೇಕು. "ಒಂದರ ಗೆರೆಗೆ ಎಳೆದರೆ ಎರಡೂವರೆ ಹೋಗುತ್ತಪ್ಪ! ನೂರು ರೂಪಾಯಿ ಚೆಕ್ಕಿಗೆ ಇನ್ನೂರೈವತ್ತು ಎಣಿಸ್ತೀಯಾ?" ಹುಡುಗ ಈಗ ರಾಯರನ್ನು ಕಂಡರೆ ಒಳಗಿನ ಕಪಾಟು ಜೋಡಿಸಲು ಹೋಗುತ್ತಾನೆ.

ಸೂಜಿ ಚುಚ್ಚುವುದೇನೂ ದೊಡ್ಡ ಕೆಲಸವಲ್ಲ. ಗುಂಡ ಬಟ್ಟಲಿಗೆ ಮುಖವಿಟ್ಟಾಗ ಪಕ್ಕೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಚುಚ್ಚುತ್ತಾರೆ. ಅವನು ತಲೆ ಕೂಡ ಎತ್ತುವುದಿಲ್ಲ. ಬಟ್ಟಲು ಮೂಸಿ ಹಾಗೇ ತಿರುಗಿದನೋ, ಸಿರಿಂಜ್ ಕೆಳಗಿಟ್ಟು ಮೊದಲು ಡಾಕ್ಟರಿಗೆ ಫೋನು. ಸಕ್ಕರೆ ತೀರಾ ಇಳಿದು ತೂರಾಡಿದರೆ ಒಸಡಿಗೆ ಸವರಿ ಆಸ್ಪತ್ರೆಗೆ ಓಡಲೆಂದು ಜೇನುತುಪ್ಪದ ಶೀಶೆ ಕೈಗೆಟುಕುವಲ್ಲೇ ಇದೆ. ಶೀಶೆ ತಿಂಗಳಿಗೊಮ್ಮೆ ಬದಲಾಗುತ್ತದೆ. ಗುಂಡನಿಗಂತೂ ಇನ್ನೂ ಬೇಕಾಗಿಲ್ಲ. ರಾಯರಿಗೂ ಶುಗರ್ ಇದೆ ಎಂಬುದನ್ನು ಇಲ್ಲಿ ಹೇಳಬೇಕು.

ಮೊನ್ನೆ ಸಂಜೆ ಗುಂಡ ಕೊಸರಿಕೊಂಡ. ಕೂದಲು ಒದ್ದೆ. ಮದ್ದು ಒಳಗೆ ಎಷ್ಟು ಹೋಯಿತೋ, ಹೊರಗೆ ಎಷ್ಟು ಚೆಲ್ಲಿತೋ.

"ಇನ್ನೊಂದು ಚೂರು ಚುಚ್ಚಿಬಿಡಿ ಅಂದ್ರೆ" ಅಂದರು ಹೆಂಡತಿ.

"ಖಂಡಿತ ಕೂಡದು! ಒಂದು ಹೊತ್ತು ಕಮ್ಮಿಯಾದರೆ ತಡೆಯುತ್ತೆ, ಹೆಚ್ಚಾದರೆ ಜೀವಕ್ಕೇ ಕುತ್ತು."

"ಮತ್ತೆ ರಿಜಿಸ್ಟರಿಗೆ ಏನಂತ ಬರೀತೀರಿ? ಕೊಟ್ಟಿದ್ದು ಅಂತಲೋ, ಕೊಡದ್ದು ಅಂತಲೋ? ಸುಳ್ಳಿಗೆ ನಾನು ಸಹಿ ಹಾಕೋಲ್ಲ."

ರಾಯರು ಕನ್ನಡಕ ಏರಿಸಿ, ಕೆಂಪು ಪೆನ್ನು ತೆಗೆದು ಬರೆದರು: ಸಸ್ಪೆನ್ಸ್ ಅಕೌಂಟ್.